ಖಾಂಡವದಹನವೂ ಮಲೆಯ ಕಾವ್ಯವೂ

ಕಾಡನ್ನು ಸವರಿ, ಬೇರುಗಳನ್ನು ಕಿತ್ತು, ನೆಲವನ್ನು ಹಸನುಗೊಳಿಸಿ, ಅಲ್ಲಿ ಮನೆಯನ್ನೋ ಗುಡಿಯನ್ನೋ ಪಟ್ಟಣವನ್ನೋ ಕಟ್ಟುವುದು ಮನುಷ್ಯನ ಅತಿ ಪುರಾತನವಾದ ಉದ್ಯೋಗಗಳಲ್ಲೊಂದು. ಇದು ನಡೆಯದಿದ್ದರೆ ಊರೆಂಬುದೇ ಹುಟ್ಟುತ್ತಿರಲಿಲ್ಲ. ಆದರೂ ಲಕ್ಷಣಕಾರರು ಇದರ ಕಡೆಗೆ ದೃಷ್ಟಿಯಿಟ್ಟಂತೆ ತೋರುವುದಿಲ್ಲ. ದಂಡಿಯು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ನಗರವುಂಟು, ಸಮುದ್ರವುಂಟು, ಶೈಲವುಂಟು, ಉದ್ಯಾನವೂ ಉಂಟು, ಅರಣ್ಯದ ಹೆಸರಿಲ್ಲ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವನವನ್ನು ಸೇರಿಸಿದನು. ಆದರೆ ವನವು ನಗರವಾಗುವ ನಡುವಣ ಹೊತ್ತನ್ನು, ಎಂದರೆ ಕೊಡಲಿಯ ಮತ್ತು ಬೆಂಕಿಯ ಹೊತ್ತನ್ನು, ಇಬ್ಬರೂ ವರ್ಣ್ಯವೆಂದು ಎಣಿಸಲಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸಾಹಿತ್ಯಾಭಿಮಾನಿಗಳಿಗೆ ಇದು ಕೇವಲ ಶಾಸ್ತ್ರವಿಚಾರವಲ್ಲ. ಯಳಂದೂರಿನ ಬೆನ್ನಿಗೆ ಬಿಳಿಗಿರಿರಂಗನ ಬೆಟ್ಟ. ಹನೂರಿನ ಆಚೆಗೆ ಮಾದೇಶ್ವರನ ಮಲೆ. ಈ ಸೀಮೆಯಲ್ಲಿ ಯಾವ ಹೊಸ ಕಟ್ಟಡವೆದ್ದರೂ ಅದರ ಹಿಂದೆ ಒಂದು ಕಾಡಿನ ನೆನಪಿರುತ್ತದೆ. ಇಂತಹ ಸಂದರ್ಭಗಳಲ್ಲಿ ಬರೆಯಲ್ಪಡುವ ಸ್ಮರಣಸಂಚಿಕೆಗಳಲ್ಲಿಯೂ ಸ್ವಾಗತಪದ್ಯಗಳಲ್ಲಿಯೂ ಒಂದು ಮಾತು ತಪ್ಪದೆ ಬರುವುದು: ‘ಹುಲಿ ಕರಡಿಗಳು ತಿರುಗುತ್ತಿದ್ದ ನಿರ್ಜನವಾದ ಕಾಡು ಇಂದು ನಂದನವನವಾಯಿತು.’ ಈ ಮಾತು ಕಾವ್ಯವಾದೀತೆ? ಇದನ್ನು ತೂಗುವುದಕ್ಕೆ ಕನ್ನಡದಲ್ಲಿ ತಕ್ಕಡಿಯುಂಟೆ? ವಿಚಾರಿಸಬೇಕಾದುದು ಇಷ್ಟು.

ನೆಲವನ್ನು ತೆರವುಗೊಳಿಸಿ ಕಟ್ಟುವ ಕಥೆಗಳಿಗೆಲ್ಲ ಮೊದಲಿನದು ಖಾಂಡವದಹನ. ಪಾಂಡವರ ಪಾಲಿಗೆ ಬಂದುದು ಖಾಂಡವಪ್ರಸ್ಥ. ಅಲ್ಲಿ ಅವರು ಇಂದ್ರಪ್ರಸ್ಥವನ್ನು ಕಟ್ಟಿದರು. ತರುವಾಯ ಅಗ್ನಿಯು ಹಸಿದ ಬ್ರಾಹ್ಮಣನ ವೇಷದಿಂದ ಬಂದು ಪಕ್ಕದ ವನವನ್ನೇ ಆಹಾರವಾಗಿ ಬೇಡಿದನು. ಕೃಷ್ಣಾರ್ಜುನರು ಕಾವಲು ನಿಂತು, ತಪ್ಪಿಸಿಕೊಳ್ಳಬಂದ ಜೀವಗಳನ್ನು ಮರಳಿ ಬೆಂಕಿಗೆ ನೂಕಿದರು. ಕಾಡಿನಿಂದ ಓಡಿಬಂದ ಮಯನು ಅರ್ಜುನನ ಅಭಯವನ್ನು ಪಡೆದು, ಆ ಋಣಕ್ಕಾಗಿ ಹದಿನಾಲ್ಕು ತಿಂಗಳಲ್ಲಿ ಸಭೆಯನ್ನು ನಿರ್ಮಿಸಿಕೊಟ್ಟನು. ಸುಟ್ಟ ಕಾಡಿನ ನಿರಾಶ್ರಿತನೇ ಹೊಸ ಸಭೆಯ ಶಿಲ್ಪಿಯಾದುದು ಗಮನಾರ್ಹವಾದ ಅಂಶ. ಬಿಳಿಗಿರಿಯ ಮೇಲೆ ಅತ್ತಿಕಾನೆ, ಹೊನ್ನಮೇಟಿ, ಬೇಡಗುಳಿಗಳ ಕಾಫಿ ತೋಟಗಳಲ್ಲಿ ಸೋಲಿಗರು ಕೂಲಿ ಮಾಡಿದುದನ್ನು ಬಲ್ಲವರಿಗೆ ಮಯನ ಪಾಡು ದೂರದ ಕಥೆಯಾಗಿ ತೋರದು.

ಇಲ್ಲಿ ವ್ಯಾಸರ ದೊಡ್ಡತನವು ಎಲ್ಲಿದೆಯೆಂದರೆ, ಅವರು ಲೆಕ್ಕವನ್ನು ಮುಚ್ಚಿಡಲಿಲ್ಲ. ಮಕ್ಕಳನ್ನು ಬಿಟ್ಟೋಡಲಾರದೆ ಅಪ್ಪಿಕೊಂಡು ಸತ್ತ ಪ್ರಾಣಿಗಳನ್ನೂ, ಕುದಿಯುವ ಕೊಳಗಳಲ್ಲಿ ಬೆಂದ ಮೀನು ಆಮೆಗಳನ್ನೂ ಹೇಳಿದರು. ಉಳಿದವರು ಆರೇ ಮಂದಿಯೆಂದು ಎಣಿಸಿಕೊಟ್ಟರು: ತಕ್ಷಕನ ಮಗನಾದ ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಪಕ್ಷಿಗಳು. ಆ ನಾಲ್ಕು ಮರಿಗಳ ಉಪಾಖ್ಯಾನವು ವಿಶೇಷವಾಗಿ ಮನನೀಯ. ರೆಕ್ಕೆ ಬಲಿಯದ ಮರಿಗಳನ್ನು ಎತ್ತಿಕೊಂಡು ಹಾರಲಾರದ ತಾಯಿ ಜರಿತೆಯು, ಇಲಿಯ ಬಿಲದಲ್ಲಿ ಅಡಗಿರೆಂದು ಅಂಗಲಾಚುತ್ತಾಳೆ. ಮರಿಗಳು ಒಪ್ಪುವುದಿಲ್ಲ, ಬಿಲದಲ್ಲಿ ಇಲಿಯ ಬಾಯಿಗೆ ಬೀಳುವುದಕ್ಕಿಂತ ಬೆಂಕಿಯೇ ಲೇಸೆಂದು, ತಾಯಿಯನ್ನು ಹಾರಿಹೋಗೆಂದು ಕಳುಹುತ್ತವೆ. ಮಹಾವೀರರ ವಿಜಯವನ್ನು ಹೇಳಿ ಮುಗಿಸಿದ ಕೂಡಲೆ ಒಂದು ಹಕ್ಕಿಯ ಗೂಡಿನ ಸಂಕಟಕ್ಕೆ ಹಲವು ಅಧ್ಯಾಯಗಳನ್ನು ಮೀಸಲಿಟ್ಟ ಕವಿಯು, ಆ ವಿಜಯದ ಬೆಲೆಯೆಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲೆಕ್ಕವು ಅಲ್ಲಿಗೇ ನಿಲ್ಲಲೂ ಇಲ್ಲ. ಅಶ್ವಸೇನನು ಕರ್ಣನ ಬಾಣದಲ್ಲಿ ಸೇರಿ ಅರ್ಜುನನ ಮೇಲೆ ಬಂದನು. ತಕ್ಷಕನ ವಿಷದಿಂದ ಪರೀಕ್ಷಿತನು ಮಡಿದನು. ಜನಮೇಜಯನು ಸರ್ಪಸತ್ರವನ್ನು ಹೂಡಿದನು. ಭಾರತವನ್ನು ಹೇಳಿದುದೇ ಆ ಸತ್ರದಲ್ಲಿ. ಮಯನ ಸಭೆಯಾದರೋ ದುರ್ಯೋಧನನ ಅಸೂಯೆಗೂ, ಅಸೂಯೆಯು ಜೂಜಿಗೂ, ಜೂಜು ಹನ್ನೆರಡು ವರ್ಷಗಳ ವನವಾಸಕ್ಕೂ ಕಾರಣವಾಯಿತು. ಕಾಡನ್ನು ಸುಟ್ಟವರು ಕಾಡಿನಲ್ಲೇ ಆಶ್ರಯವನ್ನು ಹುಡುಕಬೇಕಾಯಿತು. 1967ರಲ್ಲಿ ಮರಾಠಿಯಲ್ಲಿ ಪ್ರಕಟವಾದ ‘ಯುಗಾಂತ’ದಲ್ಲಿ ಇರಾವತಿ ಕರ್ವೆಯವರು ಈ ದಹನವನ್ನು ನೆಲಕ್ಕಾಗಿ ನಡೆದ ಕಾರ್ಯವೆಂದು ವಿವೇಚಿಸಿದ್ದು ವಿದ್ವಾಂಸರ ಗಮನವನ್ನು ಸೆಳೆಯಿತು. ಆದರೆ ವ್ಯಾಸರ ಕಥಾಸಂವಿಧಾನವನ್ನು ಸಾವಧಾನವಾಗಿ ಓದಿದವನಿಗೆ ಈ ಅರ್ಥವು ಮೂಲದಲ್ಲೇ ಹೊಳೆಯದಿರದು.

ಕನ್ನಡದ ಮಹಾಕವಿಗಳು ಇದನ್ನು ಹೇಗೆ ಕಂಡರು? ಪಂಪನು 941ರ ಸುಮಾರಿನಲ್ಲಿ ಅರ್ಜುನನನ್ನು ತನ್ನ ಒಡೆಯನಾದ ಅರಿಕೇಸರಿಯೊಡನೆ ಏಕೀಭವಿಸಿ ಕಾವ್ಯವನ್ನು ಕಟ್ಟಿದನು. ಆದುದರಿಂದ ಅಲ್ಲಿ ಖಾಂಡವವು ನಾಯಕನ ಪ್ರತಾಪಕ್ಕೆ ರಂಗಸ್ಥಳ. ಇಂದ್ರನ ಮಳೆಯನ್ನು ತಡೆಯುವ ಬಾಣಗಳ ಕಡೆಗೆ ಕಣ್ಣು ಹರಿದಂತೆ ಬೇಯುವ ಗೂಡಿನ ಕಡೆಗೆ ಹರಿಯುವುದಿಲ್ಲ. ಕುಮಾರವ್ಯಾಸನು ಆದಿಪರ್ವದ ಕೊನೆಯಲ್ಲಿ ಇದೇ ಕಥೆಯನ್ನು ಹೇಳುವಾಗ ಕೃಷ್ಣಲೀಲೆಯ ಬೆಳಕಿನಲ್ಲಿ ಎಲ್ಲವೂ ತೊಳಗುತ್ತದೆ. ಇಬ್ಬರ ಪ್ರತಿಭೆಯೂ ಪ್ರಶ್ನಾತೀತ. ಒಬ್ಬನಿಗೆ ವೀರವೂ ಒಬ್ಬನಿಗೆ ಭಕ್ತಿಯೂ ಮುಖ್ಯವಾದಾಗ ಕಾಡಿನ ಪಕ್ಷವು ಹಿಂದೆ ಸರಿದುದು ಸಹಜ. ಆದರೆ ಅವರಿಬ್ಬರ ಗಾಂಭೀರ್ಯವಿಲ್ಲದೆ, ಅಗ್ನಿಯ ವರ್ಣನೆಯನ್ನು ಮಾತ್ರ ಅನುಕರಿಸಿದ ಪದ್ಯಕಾರರಿಂದಲೇ ‘ಕಾಡು ನಂದನವಾಯಿತು’ ಎಂಬ ಸವೆದ ನುಡಿಯು ನೆಲೆನಿಂತಿತು.

ಈ ಸೀಮೆಯ ಕವಿಯೊಬ್ಬನು ಅನ್ಯಮಾರ್ಗವನ್ನು ತೋರಿಸಿದ್ದಾನೆ. ಯಳಂದೂರಿನಲ್ಲಿ ನೆಲಸಿದ್ದ ಷಡಕ್ಷರದೇವನು 1657ರ ‘ರಾಜಶೇಖರವಿಳಾಸ’ದಿಂದ ಪ್ರಖ್ಯಾತನಾದರೂ, ಈ ಪ್ರಸ್ತಾಪಕ್ಕೆ ಬೇಕಾದುದು ಆತನ ‘ಶಬರಶಂಕರವಿಳಾಸ’. ಖಾಂಡವದಹನಕ್ಕಾಗಿಯೇ ವರುಣನಿಂದ ದೊರೆತ ಗಾಂಡೀವವನ್ನು ಹಿಡಿದು ಅರ್ಜುನನು ತಪಸ್ಸಿಗೆ ಹೋಗುತ್ತಾನೆ. ಅಲ್ಲಿ ಎದುರಾಗುವವನು ಬೇಡ. ವ್ಯಾಸರ ವನಪರ್ವದಲ್ಲಿ ಅಕ್ಷಯತೂಣೀರವು ಬರಿದಾಗುವುದು. ಗಾಂಡೀವವೂ ಬೇಡನ ವಶವಾಗುವುದು. ಕಾಡನ್ನು ಸುಟ್ಟ ಬಿಲ್ಲು ಕಾಡಿನವನ ಮುಂದೆ ಸೋತಿತು; ಆ ಕಾಡಿನವನೇ ಶಿವನೆಂದು ತಿಳಿದಾಗ ಅರ್ಜುನನಿಗೆ ವರವು ದೊರೆಯಿತು. ಬಿಳಿಗಿರಿಯ ತಪ್ಪಲಿನ ಕವಿಯು ಈ ವಸ್ತುವನ್ನೇ ಆರಿಸಿಕೊಂಡುದು ಸಾರ್ಥಕವೆನಿಸುತ್ತದೆ.

ಇನ್ನು ಮಲೆಯ ಬಾಯ್ದೆರೆಯ ಕಾವ್ಯ. ಕಂಸಾಳೆಯವರು ತಲೆತಲಾಂತರದಿಂದ ಹಾಡುತ್ತ ಬಂದ ಮಾದೇಶ್ವರನ ಕಥೆಯನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಅದರಲ್ಲಿ ಸೋಲಿಗರ ಸಂಕಮ್ಮನ ಸಾಲು ಪ್ರಸಿದ್ಧ. ಗಂಡನಾದ ನೀಲಯ್ಯನು ಅವಳ ಶೀಲವನ್ನು ಶಂಕಿಸಿ, ಅವಳನ್ನು ಕಾಡಿನ ಗುಡಿಸಲಿನಲ್ಲಿ ಒಂಟಿಯಾಗಿ ಬಿಟ್ಟುಹೋಗುತ್ತಾನೆ. ಮಾದಪ್ಪನು ಬಂದು ಮಕ್ಕಳ ವರವನ್ನು ಕೊಡುತ್ತಾನೆ. ಹುಟ್ಟಿದ ಕಾರಯ್ಯ ಬಿಲ್ಲಯ್ಯರು ದೇವರ ಒಕ್ಕಲಾಗುತ್ತಾರೆ. ಗುಡಿಯನ್ನು ಕಟ್ಟಿಸಿದವನು ಆಲಂಬಾಡಿಯ ಜುಂಜೇಗೌಡನೆಂಬುದು ಐತಿಹ್ಯ. ಹಾಗೆಯೇ ಬಿಳಿಗಿರಿರಂಗನು ಕುಸುಮಾಲೆಯೆಂಬ ಸೋಲಿಗರ ಕನ್ಯೆಯನ್ನು ವರಿಸಿದನೆಂದು ಹಾಡು. ಆದುದರಿಂದ ಸೋಲಿಗರಿಗೆ ಅವನು ಭಾವ. ಮಲೆಗೆ ಹೊರಗಿನಿಂದ ಬಂದು ನೆಲೆನಿಂತ ಈ ದೇವರುಗಳನ್ನು ಅಗ್ನಿಯೊಡನೆ ಹೋಲಿಸಿ ನೋಡಬೇಕು. ಅಗ್ನಿಯು ಕಾಡಿಗೆ ಹಸಿದವನಾಗಿ ಬಂದನು. ಇವರು ನೆಂಟರಾಗಿ ಬಂದರು. ನೆಂಟನಾದವನು ಮನೆಯವರ ಹೆಸರನ್ನು ಅರಿಯದೆ ಒಳಗೆ ಕಾಲಿಡುವುದಿಲ್ಲ. ಮಲೆಯ ಕಾವ್ಯವು ಕೊಡುವ ತಕ್ಕಡಿಯಿದು.

ಕಾಡು ನಿರ್ಜನವೆಂಬ ಮಾತು ಈ ತಕ್ಕಡಿಯಲ್ಲಿ ನಿಲ್ಲದು. ಸೋಲಿಗರ ಕುಲಗಳಿಗೆ ತಮ್ಮ ತಮ್ಮ ‘ಎಲ್ಲೆ’ಗಳುಂಟು, ಪ್ರತಿಯೊಂದು ಎಲ್ಲೆಯಲ್ಲಿ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ಸ್ಥಾನಗಳುಂಟು. ನಕ್ಷೆಯಲ್ಲಿ ಬಿಳಿಯಾಗಿ ಕಾಣುವ ನೆಲವು ಅವರ ನಾಲಗೆಯಲ್ಲಿ ಹೆಸರುಗಳಿಂದ ತುಂಬಿದೆ. ಬೆಂಕಿಯನ್ನು ಅವರೂ ಬಲ್ಲರು. ಬೇಸಗೆ ಬಲಿಯುವ ಮುನ್ನ ಒಣಗಿದ ಎಲೆಗಳನ್ನಷ್ಟೇ ಸುಡುವ ‘ತರಗು ಬೆಂಕಿ’ಯು ಕಾಡನ್ನು ಕಾಯುವ ಬೆಂಕಿ. 1972ರ ವನ್ಯಜೀವಿ ಕಾಯಿದೆಯ ತರುವಾಯ, 1974ರಲ್ಲಿ ಅಭಯಾರಣ್ಯವಾದ ಈ ಬೆಟ್ಟದಲ್ಲಿ ಆ ಬೆಂಕಿಯು ನಿಂತಿತು. ಸೋಲಿಗರ ಕೆಲವು ನೆಲೆಗಳೂ ಸ್ಥಳಾಂತರವಾದುವು. ತರಗು ಬೆಂಕಿ ನಿಂತುದರಿಂದಲೇ ಲಂಟಾನದ ಪೊದೆ ಕಾಡನ್ನು ಮುಸುಕಿತೆಂದು ಅವರ ಹಿರಿಯರ ಮಾತು. 2011ರಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಾಮುದಾಯಿಕ ಅರಣ್ಯಹಕ್ಕುಗಳಿಗೂ ಮನ್ನಣೆ ದೊರೆಯಿತು. ಕಾಡನ್ನು ಕಟ್ಟುವುದಕ್ಕಾಗಿ ತೆರವು ಮಾಡಿದರೂ, ಕಾಯುವುದಕ್ಕಾಗಿ ತೆರವು ಮಾಡಿಸಿದರೂ, ಒಳಗಿದ್ದವರ ಹೆಸರನ್ನು ಕೇಳದಿದ್ದರೆ ತಪ್ಪು ಒಂದೇ ಎಂಬುದು ಇದರಿಂದ ವೇದ್ಯವಾಗುವುದು.

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ಹಾಡುಗಳಿಂದ ಯಾರಿಗೂ ಸೂರು ದೊರೆಯದು; ಮನೆಯಿಲ್ಲದವನಿಗೆ ನೆಲ ಬೇಡವೆ? 1970ರ ದಶಕದಲ್ಲಿ ಹನೂರಿನ ಕಡೆಯ ಒಡೆಯರಪಾಳ್ಯದ ಬಳಿ ಕಾಡುನೆಲವನ್ನು ತೆರವು ಮಾಡಿ ಟಿಬೆಟ್ಟಿನ ನಿರಾಶ್ರಿತರಿಗೆ ವಸತಿಯನ್ನು ಕಲ್ಪಿಸಿಕೊಟ್ಟುದು ಅಧರ್ಮವೆ? ಅಲ್ಲ. ದೇಶವನ್ನೇ ಕಳೆದುಕೊಂಡವರಿಗೆ ಆಶ್ರಯವಿತ್ತುದು ಈ ನಾಡಿನ ಔದಾರ್ಯ. ಸಾಹಿತ್ಯವು ಕೊಡಲಿಯನ್ನು ಕಸಿದುಕೊಳ್ಳಬೇಕಾಗಿಲ್ಲ. ಅದಕ್ಕೆ ಆ ಶಕ್ತಿಯೂ ಇಲ್ಲ. ಅದು ಮಾಡಬೇಕಾದುದು ವ್ಯಾಸರು ಮಾಡಿದುದನ್ನು: ಯಾರು ಬಂದರೆಂದು ಹಾಡುವಾಗಲೇ ಯಾರು ಇದ್ದರೆಂದೂ, ಎಷ್ಟು ಮಂದಿ ಉಳಿದರೆಂದೂ ಹೇಳುವುದು.

ಮುಂದೆ ಮಾದೇಶ್ವರನ ಬೆಟ್ಟದ ಯಾತ್ರಿಕರ ವಸತಿಗೃಹಕ್ಕೋ, ಕೊಳ್ಳೇಗಾಲದ ಹೊಸ ಬಡಾವಣೆಗೋ ಸ್ವಾಗತಪದ್ಯವನ್ನು ಬರೆಯುವ ತರುಣನು ‘ನಿರ್ಜನ’ ಎಂಬ ಪದವನ್ನು ಬಳಸುವ ಮೊದಲು ಆ ನೆಲದ ಹಳೆಯ ಹೆಸರೇನೆಂದು ಹತ್ತಿರದ ಪೋಡಿನ ಹಿರಿಯರೊಬ್ಬರನ್ನು ವಿಚಾರಿಸಲಿ. ಹೆಸರು ಸಿಕ್ಕಿದರೆ ಪದ್ಯದಲ್ಲಿ ಅದನ್ನು ಸೇರಿಸಲಿ. ಛಂದಸ್ಸು ಒಂದು ಮಾತ್ರೆ ಎಡವಿದರೂ ಸಹೃದಯರು ಮನ್ನಿಸಿಯಾರು.