ಮೆಕ್ಸಿಕೋದ ರೊಟ್ಟಿಯೂ ನಮ್ಮ ಸುಣ್ಣದ ಡಬ್ಬಿಯೂ

ಕಳೆದ ತಿಂಗಳು ಮಗಳ ಮಗಳ ಹುಟ್ಟುಹಬ್ಬ. "ಅಜ್ಜ, ಈ ಸಲ ಇಡ್ಲಿ-ದೋಸೆಯ ಹೋಟೆಲು ಬೇಡ, ಮೆಕ್ಸಿಕನ್ ಊಟಕ್ಕೆ ಹೋಗೋಣ" ಎಂದು ಮಗು ಹಟ ಹಿಡಿಯಿತು. ಮೊಮ್ಮಕ್ಕಳ ಮಾತಿಗೆ ಎದುರಾಡುವ ಶಕ್ತಿ ಯಾವ ಅಜ್ಜನಿಗಿದೆ? ಮುಂಬಯಿಯ ಉಪನಗರದ ಒಂದು ಹೋಟೆಲಿಗೆ ಸಂಸಾರಸಮೇತ ಹೊರಟೆವು. ಗೋಡೆಯ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿಗಳು, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಕಳ್ಳಿಗಿಡ, ಕಿವಿ ತುಂಬ ಗಿಟಾರಿನ ಸದ್ದು. ತಟ್ಟೆಯಲ್ಲಿ ಬಂದದ್ದು ದೋಣಿಯಾಕಾರದ ಒಂದು ಗರಿಗರಿ ಚಿಪ್ಪು. ಅದರೊಳಗೆ ಪನೀರು, ರಾಜಮಾ, ಸಿಹಿಯಾದ ಟೊಮೇಟೊ ಸಾಸು. ಮೇಲೆ ಹಳದಿ ಬಣ್ಣದ ಚೀಸು. ಕಚ್ಚಿದೊಡನೆ ಚಿಪ್ಪು ಎರಡು ಹೋಳಾಗಿ ಅರ್ಧ ಊಟ ನಮ್ಮ ಅಂಗಿಯ ಪಾಲಾಯಿತು. ಆಗ ಮಗು ಕೇಳಿದ ಪ್ರಶ್ನೆ: "ಅಜ್ಜ, ಮೆಕ್ಸಿಕೋದಲ್ಲೂ ಹೀಗೇ ತಿಂತಾರಾ?"

ನಾವು ಥಟ್ಟನೆ ಉತ್ತರಿಸಲಿಲ್ಲ. ಮಗನ ಸಂಸಾರ ಲಾಸ್ ಏಂಜಲೀಸಿನಲ್ಲಿದ್ದ ವರ್ಷಗಳಲ್ಲಿ ನಾವು ದಂಪತಿಗಳು ಎರಡು ಸಲ ಅಲ್ಲಿಗೆ ಹೋಗಿದ್ದೆವು. ಒಮ್ಮೆ ಅಲ್ಲಿಂದ ಮೆಕ್ಸಿಕೋ ನಗರ ಮತ್ತು ವಹಾಕಾ ಪ್ರಾಂತಗಳನ್ನೂ ನೋಡಿ ಬಂದಿದ್ದೆವು. ಹಾಗಾಗಿ ಉತ್ತರ ತಿಳಿಯದೆ ಸುಮ್ಮನಾದದ್ದಲ್ಲ. ಉತ್ತರ ಹೋಟೆಲಿನ ಮೇಜಿನ ಮುಂದೆ ಮುಗಿಯುವಷ್ಟು ಚಿಕ್ಕದಾಗಿರಲಿಲ್ಲ. ಊರು ಬಿಟ್ಟು ಬಂದು ಊರಿನ ಊಟವನ್ನು ಪರಸ್ಥಳದಲ್ಲಿ ಬೇಯಿಸಿಕೊಂಡು ತಿನ್ನುವ ನಮ್ಮಂಥವರಿಗೆ ಈ ಪ್ರಶ್ನೆ ತೀರ ಹೊರಗಿನದೂ ಅಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಅಸಲಿ ಅಡಿಗೆ ಎಂದರೇನು? ಪರದೇಶದ ಪದಾರ್ಥ ಬೆರೆಯದಿದ್ದರೆ ಅಸಲಿ ಎನ್ನುವವರುಂಟು. ಈ ಲೆಕ್ಕ ಹಿಡಿದರೆ ಮೆಕ್ಸಿಕೋದ ಅಡಿಗೆಮನೆ ಬರಿದಾದೀತು. ಇಂದು ಅಲ್ಲಿ ಪ್ರತಿಯೊಂದು ತಿಂಡಿಯ ಮೇಲೂ ಉದುರಿಸುವ ಕೊತ್ತಂಬರಿ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ, ಅಕ್ಕಿ, ಗೋದಿ, ಚೀಸು, ಹಂದಿ, ದನ ಎಲ್ಲವೂ 1519ರಲ್ಲಿ ಬಂದಿಳಿದ ಸ್ಪೇನಿನವರ ಹಿಂದೆ ಬಂದವು. ಅದೇ ಲೆಕ್ಕ ನಮಗೆ ಹಚ್ಚಿದರೆ ನಮ್ಮ ಗತಿಯೇನು? ಮೆಣಸಿನಕಾಯಿ ಆ ಕಡೆಯಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಟೊಮೇಟೊ ಎಂಬ ಹೆಸರೂ ಚಿಕ್ಕು ಎಂಬ ಹೆಸರೂ ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಿಂದ ಹೊರಟವು. ಬ್ಯಾಡಗಿಯ ಕೆಂಪು ರಾಶಿಯನ್ನು ನೋಡಿ ಇದು ನಮ್ಮದಲ್ಲ ಎನ್ನುವ ಧೈರ್ಯ ಯಾರಿಗಿದೆ?

ಮೆಕ್ಸಿಕೋ ನಗರದ ಬೀದಿಬೀದಿಯಲ್ಲಿ ರಾತ್ರಿ ಮಾರುವ ಒಂದು ಟಾಕೋ ಇದೆ. ನಿಂತ ಕಂಬಿಗೆ ಮಾಂಸ ಪೋಣಿಸಿ, ಬೆಂಕಿಯ ಮುಂದೆ ತಿರುಗಿಸಿ, ಹೆರೆದು ಹೆರೆದು ರೊಟ್ಟಿಯ ಮೇಲೆ ಹಾಕಿಕೊಡುವುದು. ಅದನ್ನು ಬಿಟ್ಟರೆ ಮೆಕ್ಸಿಕೋ ನಗರವೇ ಇಲ್ಲ ಎನ್ನುತ್ತಾರೆ ಅಲ್ಲಿಯವರು. ಆದರೆ ಆ ಕಂಬಿಯ ವಿದ್ಯೆಯನ್ನು ಕಲಿಸಿದವರು ಲೆಬನಾನ್ ಕಡೆಯಿಂದ ವಲಸೆ ಬಂದ ಅರಬರು. ಕುರಿಯ ಬದಲು ಹಂದಿ, ಅರಬರ ರೊಟ್ಟಿಯ ಬದಲು ಮೆಕ್ಕೆಜೋಳದ ರೊಟ್ಟಿ, ಜೊತೆಗೆ ಕೆಂಪು ಮೆಣಸಿನ ಮಸಾಲೆ. ವಲಸೆಗಾರನ ತಿಂಡಿ ಹೀಗೆ ನಾಡಿನ ಕುರುಹಾಯಿತು. ಆದ್ದರಿಂದ ಬೆರಕೆಯಾದದ್ದೆಲ್ಲ ನಕಲಿ ಎಂಬ ವಾದವನ್ನು ನಾವು ಒಪ್ಪಲಾರೆವು.

ಹಾಗಾದರೆ ಪನೀರು ಹಾಕಿದ ಚಿಪ್ಪೂ ಅಸಲಿಯೇ ಎಂದು ಕೇಳುವಿರಿ. ಅಲ್ಲ. ಏಕೆಂದರೆ ಬದಲಾಗುವ ಸಂಗತಿಗಳ ಕೆಳಗೆ ಬದಲಾಗದ ಒಂದು ಕೆಲಸವಿದೆ. ಅದು ಮೆಕ್ಕೆಜೋಳಕ್ಕೆ ಸುಣ್ಣ ಹಾಕುವ ಕೆಲಸ.

ಮೆಕ್ಕೆಜೋಳವನ್ನು ಸುಮಾರು 9000 ವರ್ಷಗಳ ಹಿಂದೆ ಒಂದು ಕಾಡುಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಮೆಕ್ಸಿಕೋದ ಜನ. ಒಣಗಿದ ಕಾಳನ್ನು ಅವರು ನೇರವಾಗಿ ಬೀಸಿ ಹಿಟ್ಟು ಮಾಡುವುದಿಲ್ಲ. ಸುಣ್ಣ ಕದಡಿದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಅದರಲ್ಲೇ ನೆನೆಯಬಿಟ್ಟು, ಬೆಳಗ್ಗೆ ಚೆನ್ನಾಗಿ ತೊಳೆದು, ಸಡಿಲವಾದ ಸಿಪ್ಪೆಯನ್ನು ಉಜ್ಜಿ ತೆಗೆದು, ಒದ್ದೆಯಾಗಿದ್ದಾಗಲೇ ಅರೆಯುತ್ತಾರೆ. ಹೀಗೆ ಸುಣ್ಣ ಉಂಡ ಕಾಳಿಗೆ ನಿಕ್ಸ್ತಮಾಲ್ ಎಂದು ಹೆಸರು. ಅರೆದ ಕಣಕಕ್ಕೆ ಮಾಸಾ. ಅರೆಯುವ ಹಳೆಯ ಕಲ್ಲು ಮೆತಾತೆ. ಮೂರು ಕಾಲಿನ ಇಳಿಜಾರು ಹಾಸುಗಲ್ಲು, ಮೇಲೆ ಎರಡು ಕೈಯಿಂದ ಉಜ್ಜುವ ಗುಂಡುಕಲ್ಲು. ನಮ್ಮ ಮನೆಯವರು ಅದನ್ನು ಕಂಡೊಡನೆ, "ಇದು ನಮ್ಮ ಅರೆಯುವ ಕಲ್ಲಿನ ಅಕ್ಕನೋ ತಂಗಿಯೋ ಆಗಿರಬೇಕು" ಎಂದರು. ಕಣಕವನ್ನು ತಟ್ಟಿ, ಕೊಮಾಲ್ ಎಂಬ ಚಪ್ಪಟೆ ಹಂಚಿನ ಮೇಲೆ ಬೇಯಿಸಿದರೆ ತೋರ್ತೀಯಾ. ನಮ್ಮ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಟಾರ್ಟಿಲ್ಲಾ ಎಂದು ಕರೆಯುವುದು ಇದನ್ನೇ.

ಜೋಳದ ರೊಟ್ಟಿ ತಟ್ಟಿದವರಿಗೆ ಇದರ ಮರ್ಮ ಬೇಗ ತಿಳಿದೀತು. ಬಿಳಿಜೋಳದ ಹಿಟ್ಟಿಗೆ ಗೋದಿಯ ಜಿಗಿಯಿಲ್ಲ; ತಣ್ಣೀರಿನಲ್ಲಿ ಕಲಸಿ ತಟ್ಟಿದರೆ ಅಂಚು ಬಿರಿಯುತ್ತದೆ. ಅದಕ್ಕೆ ನಮ್ಮ ಉತ್ತರ ಕರ್ನಾಟಕದ ತಾಯಂದಿರು ಕಂಡುಕೊಂಡ ಉಪಾಯ ಕುದಿಯುವ ಎಸರು. ಮೆಕ್ಕೆಜೋಳಕ್ಕೂ ಅದೇ ತೊಂದರೆ. ಮೆಕ್ಸಿಕೋದ ತಾಯಂದಿರು ಕಂಡುಕೊಂಡ ಉಪಾಯ ಸುಣ್ಣ. ಸುಣ್ಣ ತಿಂದ ಕಣಕ ಕೈಗೆ ಕೂಡಿ ಬರುತ್ತದೆ, ಬಿಸಿ ರೊಟ್ಟಿ ಮಡಿಸಿದರೆ ಮುರಿಯುವುದಿಲ್ಲ, ಮಳೆ ಬಿದ್ದ ಮಣ್ಣಿನಂತಹ ಒಂದು ಕಂಪು ಬರುತ್ತದೆ. ಆ ಕಂಪು ಒಮ್ಮೆ ಮೂಗಿಗೆ ತಗುಲಿದರೆ ಮುಂದೆ ಅಸಲಿ-ನಕಲಿ ಹೇಳಲು ಯಾವ ಪಂಡಿತನೂ ಬೇಡ.

ಇದು ರುಚಿಯ ಮಾತಷ್ಟೇ ಅಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕದಂತೆ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಸುಣ್ಣ ಆ ಗಂಟನ್ನು ಬಿಚ್ಚುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೊಡುತ್ತದೆ. ಯುರೋಪಿನವರು ಬೀಜವನ್ನು ಹಡಗಿನಲ್ಲಿ ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಪರಿಣಾಮ: ಉತ್ತರ ಇಟಲಿಯಲ್ಲೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲೂ ಬರಿಯ ಮೆಕ್ಕೆಜೋಳವನ್ನೇ ನಂಬಿದ ಬಡವರು ಪೆಲಾಗ್ರ ಎಂಬ ರೋಗಕ್ಕೆ ಬಲಿಯಾದರು. ಪದಾರ್ಥ ಒಯ್ದು ಕೆಲಸವನ್ನು ಬಿಟ್ಟುಬಂದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಮೆಕ್ಸಿಕೋದಲ್ಲೇ ಈ ಕೆಲಸ ಇಂದು ಸುರಕ್ಷಿತವಾಗಿದೆಯೆ? 1949ರಿಂದಲೇ ಅಲ್ಲಿ ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಒಣ ಮಾಸಾ ಹಿಟ್ಟು ಬಂದಿದೆ. ನೀರು ಬೆರೆಸಿದರೆ ಕಣಕ ತಯಾರು. ಮುಂಜಾನೆ ನಾಲ್ಕಕ್ಕೆ ಎದ್ದು ಕಲ್ಲಿನ ಮುಂದೆ ಮಂಡಿಯೂರುತ್ತಿದ್ದ ಹೆಂಗಸಿಗೆ ಅದು ಬಿಡುಗಡೆ. ಮಿಕ್ಸರು ಕೊಂಡ ನಾವು ಆಕೆಗೆ ಬುದ್ಧಿ ಹೇಳಹೊರಡುವುದು ನಾಚಿಕೆಗೇಡು. ಆದರೆ ಒಂದೇ ಹಿಟ್ಟಿನಿಂದ ನಾಡೆಲ್ಲ ರೊಟ್ಟಿ ಬೇಯತೊಡಗಿದರೆ ನೀಲಿ, ಕೆಂಪು, ಬಿಳಿ, ಹಳದಿ ತಳಿಗಳನ್ನು ಬೆಳೆಯುವ ಸಣ್ಣ ರೈತನಿಗೆ ಕೊಳ್ಳುವವರಾರು? ಅದಕ್ಕಾಗಿಯೇ 2007ರಲ್ಲಿ "ಮೆಕ್ಕೆಜೋಳವಿಲ್ಲದೆ ನಾಡಿಲ್ಲ" ಎಂಬ ಘೋಷಣೆಯ ಚಳವಳಿ ಅಲ್ಲಿ ಹುಟ್ಟಿತು. 2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡಿಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2025ರಲ್ಲಿ ಕುಲಾಂತರಿ ಮೆಕ್ಕೆಜೋಳದ ಬಿತ್ತನೆಯನ್ನು ಸಂವಿಧಾನದಲ್ಲೇ ನಿಷೇಧಿಸಲಾಯಿತು. ಒಂದು ಕಾಳಿಗಾಗಿ ಸಂವಿಧಾನ ತಿದ್ದುವ ಜನಕ್ಕೆ ಊಟ ಬರಿಯ ಹೊಟ್ಟೆಪಾಡಲ್ಲ.

ಇನ್ನು ಖಾರದ ವಿಚಾರ. ಮೆಕ್ಸಿಕನ್ ಎಂದರೆ ಖಾರ ಎಂದು ನಮ್ಮ ಹೋಟೆಲುಗಳವರು ತಿಳಿದಂತಿದೆ. ಅಲ್ಲಿ ಮೆಣಸಿನಕಾಯಿ ಹಸಿಯಾಗಿದ್ದಾಗ ಒಂದು ಹೆಸರು, ಒಣಗಿದರೆ ಬೇರೆಯೇ ಹೆಸರು, ಬೇರೆಯೇ ರುಚಿ. ಪೊಬ್ಲಾನೊ ಒಣಗಿದರೆ ಆಂಚೊ. ಹಲಪೇನ್ಯೊ ಹೊಗೆಯಲ್ಲಿ ಒಣಗಿದರೆ ಚಿಪೋತ್ಲೆ. ಪುಯೆಬ್ಲಾ ಪಟ್ಟಣದ ಹೆಸರಾಂತ ಮೋಲೆ ಎಂಬ ಗೊಜ್ಜಿಗೆ ಹಲವು ಬಗೆಯ ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಒಣದ್ರಾಕ್ಷಿ, ದಾಲ್ಚಿನ್ನಿ, ಕೊನೆಗೆ ಸ್ವಲ್ಪ ಚಾಕಲೇಟು. ಹುರಿದು, ಅರೆದು, ಗಂಟೆಗಟ್ಟಲೆ ಕುದಿಸಿದ್ದನ್ನು ಬಾಯಿಗಿಟ್ಟರೆ ಖಾರ ಕೊನೆಗೆ ಬರುತ್ತದೆ, ಅದೂ ಮೆಲ್ಲಗೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎಣಿಸಿ ಹುಳಿಪುಡಿ ಮಾಡುವ ನಮ್ಮವರಿಗೆ ಈ ಸೂಕ್ಷ್ಮ ಬಿಡಿಸಿ ಹೇಳಬೇಕಾಗಿಲ್ಲ. ಬಾಟಲಿಯ ಸಾಸು ಸುರಿದು ಇದೇ ಮೆಕ್ಸಿಕೋ ಎನ್ನುವುದು ಆ ನಾಡಿಗೆ ಮಾಡುವ ಅನ್ಯಾಯವೆನ್ನದೆ ವಿಧಿಯಿಲ್ಲ.

ಆ ಗರಿಗರಿ ಚಿಪ್ಪಿನ ಜಾತಕವನ್ನೂ ನ್ಯಾಯವಾಗಿ ಹೇಳಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಊರಿನಲ್ಲಿ 1937ರಲ್ಲಿ ಮೆಕ್ಸಿಕನ್ ವಲಸೆಗಾರರ ಕುಟುಂಬವೊಂದು ಮಿತ್ಲಾ ಕೆಫೆ ಎಂಬ ಹೋಟೆಲು ತೆರೆಯಿತು. ರೊಟ್ಟಿಯನ್ನು ಎಣ್ಣೆಯಲ್ಲಿ ಕರಿದು, ಅಮೆರಿಕದಲ್ಲಿ ಅಗ್ಗವಾಗಿ ಸಿಗುವ ಚೀಸು, ಎಲೆಕೋಸಿನಂತಹ ಲೆಟಿಸ್ ಸೊಪ್ಪು ಹಾಕಿ ಕೊಡುತ್ತಿದ್ದರು. ಎದುರು ಬೀದಿಯಲ್ಲಿ ಅಂಗಡಿಯಿಟ್ಟಿದ್ದ ಗ್ಲೆನ್ ಬೆಲ್ ಎಂಬಾತ ಅಲ್ಲಿ ತಿಂದು, ನೋಡಿ, ಕಲಿತು, 1962ರಲ್ಲಿ ಟಾಕೋ ಬೆಲ್ ಕಂಪೆನಿ ಆರಂಭಿಸಿದ. ಆ ಕಂಪೆನಿ ಭಾರತದಲ್ಲಿ ಮೊದಲು ಕಾಲಿಟ್ಟದ್ದು 2010ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಮಿತ್ಲಾ ಕೆಫೆಯ ಚಿಪ್ಪನ್ನು ನಾವು ನಕಲಿ ಎನ್ನಲಾರೆವು; ಪರದೇಶದಲ್ಲಿ ಸಿಕ್ಕಿದ್ದರಲ್ಲಿ ಸುಧಾರಿಸಿಕೊಂಡ ಒಂದು ಸಂಸಾರದ ಅಡಿಗೆ ಅದು. ಮಾಟುಂಗದಲ್ಲಿ ನೆಲೆಸಿದ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ ಅಲ್ಲವೆ? ಆದರೆ ಅದೇ ಚಿಪ್ಪು ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬಂದು, ಮಾಡುವವನೂ ಅರಿಯದ ತಿನ್ನುವವನೂ ಅರಿಯದ ಊರಿನ ಹೆಸರು ಹೊತ್ತಾಗ ಅದಕ್ಕೆ ತಾಯಿಯೂ ಇಲ್ಲ, ತವರೂ ಇಲ್ಲ. ಹಾಗೆಂದು ಗೋದಿ ರೊಟ್ಟಿ ಕಂಡೊಡನೆ ಮೂಗು ಮುರಿಯಬೇಡಿ: ಗೋದಿ ಬೆಳೆಯುವ ಉತ್ತರದ ಸೊನೋರಾ ಪ್ರಾಂತದಲ್ಲಿ ಅದೇ ಮನೆಮನೆಯ ಊಟ.

ನಮ್ಮ ತೀರ್ಪು ಇಷ್ಟು: ದಿನವೂ ತಿನ್ನುವವರು ಮಾಡಿಕೊಂಡ ಬದಲಾವಣೆ ಅಡಿಗೆಯ ಬೆಳವಣಿಗೆ. ತಾನು ತಿನ್ನದೆ ಮಾರುವವನು ಮಾಡಿದ ಬದಲಾವಣೆ ಬರಿಯ ವೇಷ.

ಹಾಗಾದರೆ ಅಸಲಿ ಎಲ್ಲಿ ಸಿಕ್ಕೀತು? ಮೆಕ್ಸಿಕೋಗೆ ಹೋಗುವ ಯೋಗವಿದ್ದವರು ದೊಡ್ಡ ಹೋಟೆಲು ಬಿಟ್ಟು ಬೆಳಗ್ಗೆ ಸಂತೆಗೆ ಹೋಗಿ. ವಹಾಕಾದ ಸಂತೆಗಳಲ್ಲಿ ಅಗಲವಾದ ತ್ಲಾಯೂದಾ ರೊಟ್ಟಿಯನ್ನು ಹಂಚಿನ ಮೇಲೆ ಸುಡುವ ಹೆಂಗಸರು ಸಿಗುತ್ತಾರೆ. 2024ರಲ್ಲಿ ಮಿಶೆಲಿನ್ ಕೈಪಿಡಿಯ ತಾರೆ ಪಡೆದವರಲ್ಲಿ ಮೆಕ್ಸಿಕೋ ನಗರದ, ನಿಂತು ತಿನ್ನುವ ಒಂದು ಟಾಕೋ ಅಂಗಡಿಯೂ ಇತ್ತೆಂಬುದನ್ನು ನೆನಪಿಡಿ. ಮಕ್ಕಳು ಅಮೆರಿಕದಲ್ಲಿದ್ದರೆ ಲಾಸ್ ಏಂಜಲೀಸಿನ ಪೂರ್ವಭಾಗ, ಷಿಕಾಗೋದ ಪಿಲ್ಸೆನ್ ಮೊದಲಾದ ಮೆಕ್ಸಿಕನ್ನರ ಬಡಾವಣೆಗಳಿಗೆ ಕರೆದೊಯ್ಯಲು ಹೇಳಿ. ಅಂಗಡಿಯಲ್ಲಿ ಮೆಕ್ಸಿಕನ್ ಸಂಸಾರಗಳೇ ಕುಳಿತು ತಿನ್ನುತ್ತಿದ್ದರೆ ಧೈರ್ಯವಾಗಿ ಒಳಹೋಗಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬೇಯಿಸಿ ಮಸೆದ ಹುರುಳಿಯಂತಹ ಕಾಳಿಗೂ ತಮಾಲೆಸ್ ಎಂಬ ಕಡುಬಿಗೂ ಹಂದಿಯ ಕೊಬ್ಬು ಹಾಕುವ ರೂಢಿಯಿದೆ; ಕೇಳಿಯೇ ತಿನ್ನಬೇಕು. ಹಾಗೆಂದು ಉಪವಾಸ ಬೀಳಬೇಕಾಗಿಲ್ಲ. ಕುಂಬಳದ ಹೂವು ತುಂಬಿದ ರೊಟ್ಟಿ, ಮುಳ್ಳು ಹೆರೆದ ಕಳ್ಳಿಯ ಪಲ್ಯ, ನಮ್ಮ ರೈತರು ಕಾಡಿಗೆ ರೋಗವೆಂದು ಬಿಸಾಡುವ ಕಪ್ಪಾದ ತೆನೆಯನ್ನೇ ಹುರಿದು ಮಾಡುವ ವಿತ್ಲಕೋಚೆ ಎಲ್ಲವೂ ಸಿಗುತ್ತವೆ. ಕೊನೆಯದನ್ನು ನಾವು ಅಳುಕುತ್ತಲೇ ತಿಂದೆವು, ಅಣಬೆಯ ರುಚಿ.

ಮುಂಬಯಿ, ಪುಣೆ, ಹೈದರಾಬಾದಿನ ಹೋಟೆಲುಗಳಲ್ಲಿ ಟೋಪಿ, ಗಿಟಾರು ನೋಡಬೇಡಿ. "ರೊಟ್ಟಿ ಇಲ್ಲೇ ಮಾಡುತ್ತೀರಾ? ಮೆಕ್ಕೆಜೋಳದ್ದೋ? ಸುಣ್ಣ ಹಾಕಿದ್ದೋ?" ಎಂದು ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಹೌದೆಂದರೆ ಮಿಕ್ಕ ಕುಂದುಗಳನ್ನು ಮನ್ನಿಸಬಹುದು.

ಹುಟ್ಟುಹಬ್ಬದ ಮರುವಾರ ಮನೆಯಲ್ಲೇ ಒಂದು ಪ್ರಯೋಗ ನಡೆಸಿದೆವು. ಒಂದು ಕಿಲೋ ಒಣ ಮೆಕ್ಕೆಜೋಳಕ್ಕೆ ಹತ್ತು ಗ್ರಾಮಿನಷ್ಟು ತಿನ್ನುವ ಸುಣ್ಣ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ, ಸ್ಟೀಲಿನದೇ ಆಗಬೇಕು. ಮನೆಯವರ ಎಲೆಅಡಿಕೆಯ ಡಬ್ಬಿ ಖಾಲಿಯಾಯಿತು. ರಾತ್ರಿ ನೆನೆಸಿ, ಬೆಳಗ್ಗೆ ತೊಳೆದು ಗ್ರೈಂಡರಿಗೆ ಹಾಕಿದರೆ ನೀರಿಲ್ಲದೆ ಕಲ್ಲು ತಿರುಗಲೊಲ್ಲದು. ನೀರು ಹಾಕಿದರೆ ಕಣಕ ಹೋಗಿ ದೋಸೆಹಿಟ್ಟಾಯಿತು. ಕೊನೆಗೆ ಒಣಹಿಟ್ಟು ಸೇರಿಸಿ ಹೇಗೋ ತಟ್ಟಿದೆವು. ಮೊದಲ ನಾಲ್ಕು ರೊಟ್ಟಿ ಹರಿದವು. ಐದನೆಯದು ಉಬ್ಬಿತು, ಆ ಕಂಪೂ ಬಂತು. ಮೊಮ್ಮಗಳು ಅದರೊಳಗೆ ಅಜ್ಜಿಯ ಬದನೆಕಾಯಿ ಎಣ್ಣೆಗಾಯಿ ಮಡಿಸಿಕೊಂಡು ತಿಂದು, "ಇದು ಮೆಕ್ಸಿಕೋದ್ದಾ, ನಮ್ಮದಾ?" ಎಂದಳು. "ರೊಟ್ಟಿ ಅವರಿಂದ ಕಲಿತದ್ದು, ಪಲ್ಯ ನಿನ್ನ ಅಜ್ಜಿಯದು" ಎಂದೆವು. ಅವಳು ಇನ್ನೊಂದು ರೊಟ್ಟಿ ಕೇಳಿದಳು.