ತಾರಿ ಹತ್ತುವ ಬೈಕು

ಕರಾವಳಿ ಸವಾರಿ ಎಂದೊಡನೆ ಬೈಕಿನವರ ದಂಡು ಹೆದ್ದಾರಿ 66ನ್ನೇ ಹಿಡಿಯುತ್ತದೆ. ಮರವಂತೆಯಲ್ಲಿ ಒಂದು ಫೋಟೊ, ಮುರ್ಡೇಶ್ವರದಲ್ಲಿ ಇನ್ನೊಂದು, ಕತ್ತಲಾಗುವುದರೊಳಗೆ ಗೋಕರ್ಣ. ನಡುವೆ ಹೆಚ್ಚು ಹೊತ್ತು ಕಣ್ಣಿಗೆ ಬಿದ್ದದ್ದು ಲಾರಿಗಳ ಬೆನ್ನು.

ಕಡಲಂಚಿನ ಊರುಗಳು ಹೆದ್ದಾರಿಯಿಂದ ದೂರವಿಲ್ಲ. ಆದರೆ ಅಲ್ಲಿಗೆ ಹೋಗುವ ರಸ್ತೆಗಳು ಯಾವುದೋ ಹೊಳೆಯ ದಡದಲ್ಲಿ ಥಟ್ಟನೆ ಮುಗಿಯುತ್ತವೆ. ಮುಂದಿನದು ದೋಣಿಯ ಕೆಲಸ. ಉತ್ತರ ಕನ್ನಡದವರು ತಾರಿ ಎನ್ನುವುದು ಇದಕ್ಕೇ. ಒಂದು ದಿನದ ಸವಾರಿಯನ್ನು ಕಿಲೋಮೀಟರಿನಲ್ಲಿ ಅಳೆಯದೆ ತಾರಿಯಲ್ಲಿ ಅಳೆಯುವವರಿಗೆ ಕುಮಟಾ ತಾಲ್ಲೂಕಿನಷ್ಟು ಹದವಾದ ಜಾಗ ಸಿಗುವುದು ಕಷ್ಟ.

ಮಾರ್ಚಿನ ಬೆಳಿಗ್ಗೆ, ಬಿಸಿಲೇರುವ ಮುನ್ನ ಕುಮಟಾ ಬಿಟ್ಟರೆ ದಾರಿ ಬಾಡ, ಕಾಗಾಲದ ಮೇಲೆ ಅಘನಾಶಿನಿ ಊರಿಗೆ. ಒಂದು ಬದಿ ತೆಂಗಿನ ತೋಟ, ಚಿರೆಕಲ್ಲಿನ ಪಾಗಾರ. ಮುಂದೆ ಗಜನಿ ಬಯಲು. ಉಪ್ಪುನೀರು ನುಗ್ಗುವ ಈ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಜಂತ್ರಡಿ ಎಂಬ ತೂಬು ತೆರೆದು ಹೊಳೆನೀರು ಬಿಟ್ಟರೆ ಸಿಗಡಿ, ಮೀನು. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕಗ್ಗ ಸಾಯುವುದಿಲ್ಲ. ಹೊಸ ತಳಿಗಳು ಇಲ್ಲಿ ನಿಲ್ಲದಿರುವುದಕ್ಕೆ ಕಾರಣ ಕೇಳಬೇಕಿಲ್ಲ, ಗದ್ದೆಯ ನೀರನ್ನೊಮ್ಮೆ ನಾಲಿಗೆಗಿಟ್ಟರೆ ಸಾಕು.

ಊರ ಕೊನೆಗೆ ಹೊಳೆ, ಆಚೆ ದಡದಲ್ಲಿ ತದಡಿ. ಜನರ ಜೊತೆ ಬೈಕನ್ನೂ ದೋಣಿ ದಾಟಿಸುತ್ತದೆ. ಲಕ್ಷಗಟ್ಟಲೆ ಸುರಿದು ಬೈಕು ಕೊಂಡವರ ಠೀವಿ ಇಳಿಯುವುದು ಇಲ್ಲಿ. ಕ್ಲಾಸಿಕ್ 350 ಎಂದರೆ 195 ಕಿಲೋ. ಸ್ಪ್ಲೆಂಡರ್ 112ರ ಆಸುಪಾಸು. ನೀರಿಳಿತದ ಹೊತ್ತಿಗೆ ದೋಣಿ ಧಕ್ಕೆಗಿಂತ ತಗ್ಗಿಗೆ ಸರಿದಿದ್ದರೆ ಆ ಎಂಬತ್ತು ಕಿಲೋ ವ್ಯತ್ಯಾಸ ರಟ್ಟೆಗೆ ತಿಳಿಯುತ್ತದೆ. ಸ್ಪ್ಲೆಂಡರಿನ ಚೈನಿಗೆ ಪೂರ್ತಿ ಮುಚ್ಚುಗೆಯಿದೆ ಎಂಬುದು ಇನ್ನೊಂದು ಲಾಭ. ತೆರೆದ ಚೈನಿಗೆ ಉಪ್ಪುಗಾಳಿಯೂ ಮರಳೂ ಒಟ್ಟಿಗೇ ಮೆತ್ತುತ್ತವೆ. ಹಾಲಿನ ಕ್ಯಾನು, ಮೀನಿನ ಬುಟ್ಟಿ ಕಟ್ಟಿಕೊಂಡು ದಿನಾ ದಾಟುವವರ ಬೈಕು ಯಾವುದೆಂದು ನೋಡಿದರೆ ಈ ವಾದಕ್ಕೆ ಬೇರೆ ಸಾಕ್ಷಿ ಬೇಡ.

ಶಿರಸಿಯ ಕಡೆಯಿಂದ ಘಟ್ಟವಿಳಿದು ಬರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಅದರ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನೀರಿಳಿದಾಗ ಬಳಚು ಚಿಪ್ಪು ಹೆಕ್ಕುವವರು ಸೊಂಟಮಟ್ಟ ನೀರಿನಲ್ಲಿ ಕಾಣುತ್ತಾರೆ. ದೋಣಿಯ ನಡುವೆ ನಿಂತು ಬೈಕು ಹಿಡಿದವನಿಗೆ ಫೋಟೊ ತೆಗೆಯಲು ಕೈ ಖಾಲಿಯಿರುವುದಿಲ್ಲ, ಅದೂ ಒಳ್ಳೆಯದೇ.

ತದಡಿ ಬಂದರು ದಾಟಿದರೆ ಸಾಣಿಕಟ್ಟಾದ ಉಪ್ಪಿನ ಆಗರ. ಹೊಳೆಗೆ ಬರುವ ಭರತದ ನೀರನ್ನೇ ಪಾತಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ, ಉಪ್ಪನ್ನು ಗೋರಿ ರಾಶಿ ಹಾಕುವ ಕೆಲಸ ಬೇಸಿಗೆಯಲ್ಲಿ ಜೋರು. ಹಳೆಯ ಕಾಲದಿಂದ ನಡೆದುಬಂದ ಕಸುಬು ಇದು; ಪಕ್ಕದ ಅಂಕೋಲೆ 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಊರು. ಶನಿವಾರ, ಭಾನುವಾರವಾದರೆ ಇಲ್ಲಿಂದ ಗೋಕರ್ಣದ ಕಡೆ ತಿರುಗದಿರುವುದೇ ಜಾಣತನ. ಮಾದನಗೇರಿಗೆ ಹೋಗಿ ಹೆದ್ದಾರಿ ಹಿಡಿದರೆ ಮಿರ್ಜಾನ್ ಕೋಟೆ ಹತ್ತಿರ. ಕಾಳುಮೆಣಸಿನ ವ್ಯಾಪಾರದಿಂದ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಚಿರೆಕಲ್ಲಿನ ಕೋಟೆಗೆ ಅಂಟಿಕೊಂಡಿದೆ.

ಕುಮಟಾಕ್ಕೆ ಮರಳುವಾಗ ಅಳ್ವೆಕೋಡಿಯ ಬಳಿ ರಸ್ತೆಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗಿರುತ್ತದೆ. ಒಂದು ಗೊಂಚಲಿಗೆ ಹಿಂದಿನ ಸೀಟು ಧಾರಾಳ.

ಇಡೀ ಸುತ್ತು ಐವತ್ತು ಕಿಲೋಮೀಟರಿನ ಆಸುಪಾಸು. ಹೊರಡುವ ಮುನ್ನ ಅಂದು ತಾರಿಗೆ ಬೈಕು ಹತ್ತಿಸುತ್ತಾರೆಯೇ ಎಂದು ಸ್ಥಳೀಯರನ್ನು ವಿಚಾರಿಸಿ. ಮನೆ ಮುಟ್ಟಿದ ಕೂಡಲೇ ಸಿಹಿನೀರಿನಲ್ಲಿ ಬೈಕು ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಬಿಡಿ.