ಕಟ್ಟೆ ಇಲ್ಲದ ಬಾವಿ

ಹೋದ ತಿಂಗಳು ಮಗಳನ್ನ ಕರ್ಕೊಂಡು ಝೂಗೆ ಹೋಗಿದ್ದೆ. ಕರಡಿ ನೋಡ್ತಾ ನಿಂತಿದ್ವಿ. ಆಫೀಸಿಂದ ಫೋನ್ ಬಂತು, ಅರ್ಧ ನಿಮಿಷ ಮಾತಾಡಿರಬಹುದು. ತಿರುಗಿ ನೋಡಿದ್ರೆ ನಾಲ್ಕು ವರ್ಷದ ಮಗಳು ಕಂಬಿಗಳ ನಡುವೆ ತಲೆ, ಒಂದು ಭುಜ ಎರಡನ್ನೂ ತೂರಿಸಿಬಿಟ್ಟಿದ್ದಾಳೆ! ಎಳೆದುಕೊಂಡೆ. ಎದೆ ಹೊಡೆದುಕೊಳ್ಳೋದು ನಿಲ್ಲೋಕೆ ತುಂಬಾ ಹೊತ್ತು ಬೇಕಾಯ್ತು. ಆಗ ಹರಾಂಬೆ ನೆನಪಾಯ್ತು.

2016ರ ಮೇ 28, ಅಮೆರಿಕದ ಸಿನ್ಸಿನಾಟಿ ಝೂ. ಮೂರು ವರ್ಷದ ಹುಡುಗನೊಬ್ಬ ಅಮ್ಮನ ಕಣ್ಣು ತಪ್ಪಿಸಿ, ಬೇಲಿ ದಾಟಿ, ಪೊದೆಯೊಳಗೆ ನುಸುಳಿ, ಸುಮಾರು 15 ಅಡಿ ಕೆಳಗಿನ ಗೊರಿಲ್ಲಾ ಕಂದಕಕ್ಕೆ ಬಿದ್ದ. ಹರಾಂಬೆ ಅನ್ನೋ ಗಂಡು ಗೊರಿಲ್ಲಾ ಅವನನ್ನು ನೀರಲ್ಲಿ ಎಳೆದಾಡಿತು. ಹಿಂದಿನ ದಿನವಷ್ಟೇ ಅದಕ್ಕೆ 17 ತುಂಬಿತ್ತು. ಸಿಬ್ಬಂದಿ ಅದನ್ನು ಗುಂಡಿಟ್ಟು ಕೊಂದರು. ಹುಡುಗ ಬದುಕಿದ.

ಆಮೇಲೆ ಶುರುವಾಯ್ತು ನೋಡಿ ಜಗಳ. ತಾಯಿಯನ್ನ ಜೈಲಿಗೆ ಹಾಕಿ ಅಂತ ಕೆಲವರು, ಗುಂಡು ಹಾರಿಸಿದವರನ್ನ ಹಾಕಿ ಅಂತ ಕೆಲವರು. ಅರಿವಳಿಕೆ ಕೊಡಬಹುದಿತ್ತಲ್ವಾ ಅಂತ ಕೇಳಿದವರೂ ಉಂಟು. ಆ ಮದ್ದು ಹತ್ತೋಕೆ ನಿಮಿಷಗಳು ಬೇಕು. ಅಷ್ಟರಲ್ಲಿ ಸೂಜಿ ಚುಚ್ಚಿಸಿಕೊಂಡ ಪ್ರಾಣಿ ಕೆರಳಿದರೆ ಮಗುವಿನ ಗತಿ? ಆ ಹೊತ್ತಿನಲ್ಲಿ ಝೂ ತಗೊಂಡ ನಿರ್ಧಾರವನ್ನ ನಾನು ತಪ್ಪು ಅನ್ನಲ್ಲ. ತಾಯಿಯ ಮೇಲೆ ಕೇಸು ಹಾಕಬೇಕಿಲ್ಲ ಅಂತ ಅಲ್ಲಿನ ಪ್ರಾಸಿಕ್ಯೂಟರ್ ಕೂಡ ಹೇಳಿದರು.

ನನ್ನ ತಕರಾರು ಅದಕ್ಕೂ ಮುಂಚಿನ ವರ್ಷಗಳ ಬಗ್ಗೆ. ಆ ಗೊರಿಲ್ಲಾ ಆವರಣ ಶುರುವಾಗಿದ್ದು 1978ರಲ್ಲಿ. ‘38 ವರ್ಷದಲ್ಲಿ ಹೀಗಾಗಿದ್ದು ಇದೇ ಮೊದಲು’ ಅನ್ನೋದು ಝೂ ಕೊಟ್ಟ ಸಮಜಾಯಿಷಿ. ನಮ್ಮ ಫೀಲ್ಡಲ್ಲೂ ಈ ಮಾತು ದಿನಾ ಕೇಳ್ತೀವಿ: ‘ಇಷ್ಟು ವರ್ಷ ಓಡ್ತಿತ್ತಲ್ಲ ಸಾರ್, ಇದು ಯೂಸರ್ ಎರರ್.’ ಇಷ್ಟು ವರ್ಷ ಓಡಿದ್ದಕ್ಕೆ ಕೋಡು ಚೆನ್ನಾಗಿತ್ತು ಅಂತಲೇ ಅರ್ಥ ಅಲ್ಲ, ಅದೃಷ್ಟ ಚೆನ್ನಾಗಿತ್ತು ಅಂತಲೂ ಇರಬಹುದು.

ಘಟನೆ ಆಗಿ ಎರಡು ವಾರ ಕಳೆಯೋದರೊಳಗೆ ಅಲ್ಲಿ ಹೊಸ ತಡೆ ಎದ್ದಿತು. ಮೊದಲಿದ್ದದ್ದು ಸುಮಾರು ಮೂರು ಅಡಿ, ಆಗ ಹಾಕಿದ್ದು ಮೂರೂವರೆ. ಮೇಲೆ ಗಟ್ಟಿ ಮರದ ತೊಲೆ, ಕೆಳಗೆ ಮಗು ನುಸುಳದ ಹಾಗೆ ಹಗ್ಗದ ಬಲೆ. ಇಷ್ಟೇ ಕಣ್ರೀ! ಇದನ್ನ 2015ರಲ್ಲಿ ಮಾಡಬೇಡಿ ಅಂದೋರು ಯಾರು?

ನಮ್ಮೂರಲ್ಲಿ ಕಟ್ಟೆ ಇಲ್ಲದ ಬಾವಿಗೆ ಕರು ಬಿದ್ದರೆ ಕರುವಿಗೆ ಬುದ್ಧಿ ಇಲ್ಲ ಅಂತ ಯಾರೂ ಬೈತಿರಲಿಲ್ಲ. ಬಾವಿ ಯಾರದ್ದು, ಕಟ್ಟೆ ಯಾಕೆ ಕಟ್ಟಿಸಿಲ್ಲ ಅಂತ ಕೇಳ್ತಿದ್ರು. ಮಕ್ಕಳು ಓಡ್ತಾರೆ, ಅಪ್ಪ-ಅಮ್ಮಂದಿರ ಗಮನ ಒಂದು ಕ್ಷಣ ತಪ್ಪುತ್ತೆ. ಇದು ಗೊತ್ತಿದ್ದೇ ಬೇಲಿ ಕಟ್ಟಬೇಕು.

ಹಾಗಂತ ಟಿಕೆಟ್ ತಗೊಂಡ ನಾವು ಪೂರ್ತಿ ಪಾರಲ್ಲ. 2014ರ ಸೆಪ್ಟೆಂಬರಲ್ಲಿ ದೆಹಲಿ ಝೂನಲ್ಲಿ ಯುವಕನೊಬ್ಬ ವಿಜಯ್ ಅನ್ನೋ ಬಿಳಿ ಹುಲಿಯ ಆವರಣದೊಳಕ್ಕೆ ಬಿದ್ದು ಸತ್ತ. ಮೇಲಿದ್ದ ಜನ ಕೂಗಾಡಿದರು, ಕಲ್ಲೆಸೆದರು ಅಂತ ವರದಿಯಾಯ್ತು. ಮೊಬೈಲಲ್ಲಿ ಚಿತ್ರೀಕರಿಸಿದ್ದನ್ನ ದೇಶವೇ ನೋಡಿತು. ಬೇಕಂತಲೇ ಬೇಲಿ ಹತ್ತೋ ದೊಡ್ಡವರ ತಪ್ಪು ಅವರದ್ದೇ, ಒಪ್ಪೋಣ. ಆದರೆ ಕಾವಲುಗಾರ ಎಷ್ಟು ಹತ್ತಿರ ಇರಬೇಕು, ಪ್ರಾಣಿಯನ್ನ ಹಿಂದಕ್ಕೆ ಸೆಳೆಯೋದು ಹೇಗೆ, ಜನರನ್ನ ಸುಮ್ಮನಿರಿಸೋದು ಯಾರು ಅನ್ನೋದನ್ನ ಮೊದಲೇ ಯೋಚಿಸಿಟ್ಟಿರಬೇಕಾದ್ದು ಝೂ. ವಿಜಯನನ್ನ ಯಾರೂ ಕೊಲ್ಲಲಿಲ್ಲ ಅನ್ನೋದಷ್ಟೇ ಸಮಾಧಾನ. ಅದು ತನ್ನ ಮನೆಯೊಳಗೇ ಇತ್ತು.

ಅವತ್ತು ಮಗಳನ್ನ ಎತ್ತಿಕೊಂಡೇ ಗೇಟಿಗೆ ಹೋಗಿ ದೂರು ಪುಸ್ತಕ ಕೇಳಿದೆ. ‘ಪಾಪು ಕೈ ಬಿಡಬಾರದು ಸಾರ್’ ಅಂದ ಅಲ್ಲಿದ್ದವನು. ‘ನಿಜ, ತಪ್ಪು ನಂದೂ ಇದೆ’ ಅಂದೆ. ಆಮೇಲೆ ಬರೆದೆ: ‘ಕರಡಿ ಆವರಣದ ಕಂಬಿ ನಡುವೆ ಮಗು ತೂರುತ್ತೆ. ಬಲೆ ಹಾಕಿಸಿ.’ ಮುಂದಿನ ತಿಂಗಳು ಮತ್ತೆ ಹೋಗಿ ನೋಡ್ತೀನಿ.